ದ್ರೋಹಘರಟ್ಟನ ಮನೆ

ಶ್ರವಣಬೆಳ್ಗೊಳದ ದೊಡ್ಡಬೆಟ್ಟವನ್ನೇರಿ ಗೊಮ್ಮಟೇಶ್ವರನ ಸನ್ನಿಧಿಯಲ್ಲಿ ನಿಲ್ಲುವ ಯಾತ್ರಿಕರು ಮೂರ್ತಿಯ ಪಾದಗಳ ಇಕ್ಕೆಲಗಳಲ್ಲಿರುವ ಕಿರುಶಾಸನಗಳಲ್ಲಿ ಚಾವುಂಡರಾಯನ ಹೆಸರನ್ನು ಹುಡುಕಿ ಓದುತ್ತಾರೆ. ಅದೇ ಕಲ್ಲಿನಲ್ಲಿ, ಅದೇ ಭಕ್ತಿಯಿಂದ ಕೆತ್ತಿದ ಇನ್ನೊಂದು ಹೆಸರಿನ ಕಡೆಗೆ ಹೆಚ್ಚಿನವರ ಕಣ್ಣು ಹೋಗುವುದಿಲ್ಲ. ಮೂರ್ತಿಯ ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಅಲ್ಲಿ ಬರೆದಿದೆ. ಮೂರ್ತಿಯು ನಿಂತು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅದಕ್ಕೆ ಆವರಣವನ್ನು ಕಟ್ಟಿಸಿದ ಈ ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಚಂಡ ದಂಡನಾಯಕ. ವೃತ್ತಿಯಿಂದ ಯೋಧ, ವ್ರತದಿಂದ ಶ್ರಾವಕ.

ಮುಂದಿನ ತಲೆಮಾರಿನಲ್ಲಿ ಹುಳ್ಳ ದಂಡನಾಯಕನ ಕಾಲದ ಶಾಸನಕವಿಯು ಜಿನಶಾಸನವನ್ನು ಎತ್ತಿ ನಿಲ್ಲಿಸಿದವರು ಯಾರೆಂದು ತಾನೇ ಪ್ರಶ್ನೆ ಹಾಕಿಕೊಂಡು, ಮೊದಲು ರಾಚಮಲ್ಲನ ಮಂತ್ರಿ ರಾಯ, ಬಳಿಕ ವಿಷ್ಣುವಿನ ಮಂತ್ರಿ ಗಂಗ, ಆಮೇಲೆ ನರಸಿಂಹನ ಮಂತ್ರಿ ಹುಳ್ಳ ಎಂದು ಮೂವರನ್ನು ಎಣಿಸುತ್ತಾನೆ. ಮೂವರೂ ರಾಜಸೇವೆಯಲ್ಲಿದ್ದವರು, ಅಧಿಕಾರದ ಭಾರವನ್ನು ಹೊತ್ತವರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವೊಂದು ತನ್ನ ಪೋಷಕರ ಪಟ್ಟಿಯಲ್ಲಿ ಸೇನಾನಿಗಳ ಹೆಸರನ್ನು ಸಂಕೋಚವಿಲ್ಲದೆ ಬರೆಯಿಸಿತು. ಇದರಲ್ಲಿ ವಿರೋಧವಿಲ್ಲವೆಂದು ಹೇಳಿ ಮುಗಿಸುವುದು ಸುಲಭ. ವಿರೋಧವಿದೆ. ಅದನ್ನು ಗಂಗರಾಜನ ಬಾಳಿನಷ್ಟು ಸ್ಪಷ್ಟವಾಗಿ ತೋರಿಸುವ ಬಾಳು ಬೇರೆ ಸಿಕ್ಕುವುದು ಕಷ್ಟ. ಅವನ ಯುದ್ಧಗಳನ್ನು ಹೇಳಿದ ಕಲ್ಲುಗಳೇ ಅವನ ಮನೆಯನ್ನೂ ಹೇಳುತ್ತವೆ.

ಗಂಗರಾಜನು ಕೌಂಡಿನ್ಯ ಗೋತ್ರದ ಬ್ರಾಹ್ಮಣ ವಂಶದಲ್ಲಿ ಹುಟ್ಟಿದವನು. ತಂದೆ ಏಚಿರಾಜ, ವಿದ್ವಾಂಸರ ಗೆಳೆಯನೆಂಬ ಅರ್ಥದಲ್ಲಿ ಅವನಿಗೆ ಬುಧಮಿತ್ರನೆಂಬ ಹೆಸರಿತ್ತು. ಹೊಯ್ಸಳರು ಇನ್ನೂ ಮಲೆನಾಡಿನ ಸಣ್ಣ ಒಡೆಯರಾಗಿದ್ದ ನೃಪಕಾಮನ ಕಾಲದಿಂದಲೇ ಈ ಮನೆತನಕ್ಕೆ ಅರಮನೆಯ ಸಂಬಂಧವಿತ್ತು. ತಾಯಿ ಪೋಚಿಕಬ್ಬೆ, ಶಾಸನಗಳು ಪೋಚಲದೇವಿಯೆಂದೂ ಪೋಚವ್ವೆಯೆಂದೂ ಕರೆಯುವ ಶ್ರಾವಿಕೆ. ಪತ್ನಿ ಲಕ್ಷ್ಮೀಮತಿ, ಮನೆಯವರ ಬಾಯಲ್ಲಿ ಲಕ್ಕಲೆ. ಗುರುಗಳು ಮೂಲಸಂಘ, ದೇಶೀಯ ಗಣ, ಪುಸ್ತಕ ಗಚ್ಛದ ಶುಭಚಂದ್ರ ಸಿದ್ಧಾಂತದೇವರು. ಅಣ್ಣ ಬಮ್ಮದೇವ, ಅವನ ಮಗ ಏಚ. ಗಂಗರಾಜನ ಮಗ ಬೊಪ್ಪ. ಅತ್ತಿಗೆ ಜಕ್ಕಣಬ್ಬೆಯೂ ಶುಭಚಂದ್ರರ ಶಿಷ್ಯೆ. ಒಂದೇ ಗುರುಪಾದದ ಕೆಳಗೆ ಇಡೀ ಮನೆ ಕೂಡಿ ಬಾಳಿದ್ದು ಹೀಗೆ.

ಯುದ್ಧದ ಕಥೆಯನ್ನು ಬೇಗ ಹೇಳಬಹುದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದು ತಲಕಾಡಿನಲ್ಲಿ ನೆಲೆಯೂರಿದ್ದರು. ನೂರು ವರ್ಷಗಳಿಗೂ ಮೀರಿದ ಆ ಹಿಡಿತವನ್ನು 1116ರಲ್ಲಿ ಬಿಡಿಸಿದ ದಂಡಿಗೆ ಗಂಗರಾಜನೇ ಮುಂದಾಳು. ಚೋಳನ ಸಾಮಂತ ಅದಿಯಮನಿಗೆ ನಾಡನ್ನು ಒಪ್ಪಿಸೆಂದು ಹೇಳಿಕಳುಹಿಸಿದಾಗ, ಕಾದಿ ಪಡೆದುಕೊಳ್ಳಿರೆಂದು ಅವನಿಂದ ಉತ್ತರ ಬಂದಿತು. ಕಾಳಗ ನಡೆಯಿತು. ಅದಿಯಮ ಓಡಿದನು, ತಲಕಾಡು ಕೈಸೇರಿತು. ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ದಂಡನಾಯಕನಿಗೆ ಹೊಯ್ಸಳರಾಜ್ಯದ ಅಭಿಷೇಕಕ್ಕೆ ಪೂರ್ಣಕುಂಭದಂತಿರುವವನೆಂಬ ಕೀರ್ತಿ ಬಂದಿತು. ಈ ಸೇನಾಯಾತ್ರೆಯನ್ನು ನೆನೆದು ಒಬ್ಬ ಶಾಸನಕವಿಯು, ಹಿಂದೆ ಅತ್ತಿಮಬ್ಬೆಗಾಗಿ ಗೋದಾವರಿ ನಿಂತಂತೆ ಈಗ ಕಾವೇರಿಯು ಉಕ್ಕಿ ಸುತ್ತುವರಿದರೂ ಗಂಗರಾಜನನ್ನು ಮುಟ್ಟಲಿಲ್ಲವೆಂದು ಹೊಗಳುತ್ತಾನೆ.

ಹೋಲಿಕೆಗೆ ಕವಿ ಆರಿಸಿದ ಹೆಸರು ಗಮನಾರ್ಹ. ಅತ್ತಿಮಬ್ಬೆಯು ಯುದ್ಧದಲ್ಲಿ ಪತಿ ನಾಗದೇವನನ್ನು ಕಳೆದುಕೊಂಡವಳು, ಪತಿಯೊಡನೆ ಚಿತೆಯೇರಿದ ತಂಗಿ ಗುಂಡಮಬ್ಬೆಯನ್ನೂ ಕಳೆದುಕೊಂಡವಳು; ಉಳಿದ ಬಾಳನ್ನೆಲ್ಲ ವ್ರತಕ್ಕೂ ದಾನಕ್ಕೂ ಮೀಸಲಿಟ್ಟವಳು. ಗೆದ್ದು ಮರಳಿದ ಸೇನಾನಿಯನ್ನು ಹೊಗಳಲು ಹೊರಟ ಕವಿಗೆ ಯುದ್ಧವು ಮುರಿದುಹಾಕಿದ ಮನೆಯೊಂದರ ಹೆಣ್ಣುಮಗಳು ನೆನಪಾದಳು. ಅವನು ಅದನ್ನು ಬೇಕೆಂದೇ ಮಾಡಿದನೆಂದು ಹೇಳುವಂತಿಲ್ಲ. ಆದರೆ ಆ ಕಾಲದ ಜೈನರ ಮನಸ್ಸಿನಲ್ಲಿ ಕೀರ್ತಿಯ ಅಳತೆಗೋಲು ಯಾರ ಕೈಯಲ್ಲಿತ್ತೆಂಬುದಕ್ಕೆ ಇದೊಂದು ಸೂಚನೆ.

ಎರಡನೆಯ ದೊಡ್ಡ ಕಾಳಗ ಕಣ್ಣೆಗಾಲದಲ್ಲಿ ನಡೆಯಿತು. ಈ ಸಲ ಎದುರಾಳಿ ಚೋಳನಲ್ಲ. ಹೊಯ್ಸಳರ ಅಧಿರಾಜನೇ ಆಗಿದ್ದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೇನೆ. ಹನ್ನೆರಡು ಮಂದಿ ಸಾಮಂತರೊಡನೆ ಅದು ಬೀಡುಬಿಟ್ಟಿದ್ದಾಗ ಗಂಗರಾಜನು ರಾತ್ರಿಯಲ್ಲಿ ಅದರ ಮೇಲೆ ಬಿದ್ದನು. ಅದನ್ನು ಇರುಳ ಕಾಳಗವೆಂದು ಶಾಸನವೇ ಹೇಳುತ್ತದೆ, ಮರೆಮಾಚುವುದಿಲ್ಲ. ಸಾಮಂತರೆಲ್ಲರನ್ನೂ ಸೋಲಿಸಿ ಅವರ ವಸ್ತುವಾಹನಗಳನ್ನು ತಂದು ಒಡೆಯನಿಗೆ ಒಪ್ಪಿಸಿದನು.

ಶ್ರಾವಕನಿಗೆ ರಾತ್ರಿಭೋಜನ ನಿಷಿದ್ಧ. ಸೂರ್ಯಾಸ್ತದ ಅನಂತರ ಕಣ್ಣಿಗೆ ಕಾಣದ ಕ್ರಿಮಿಕೀಟಗಳು ತುತ್ತಿನೊಡನೆ ಸಾಯಬಾರದೆಂಬುದೇ ಆ ನಿಯಮದ ಹಿಂದಿನ ಕಾರಣ. ಕತ್ತಲಾದ ಮೇಲೆ ಒಂದು ತುತ್ತನ್ನು ಬಾಯಿಗಿಡುವುದೂ ದೋಷವೆಂದು ಬೋಧಿಸುವ ಧರ್ಮದಲ್ಲಿ ಬೆಳೆದವನು ಕತ್ತಲಲ್ಲಿ ಮಲಗಿದ್ದ ಸೇನೆಯ ಮೇಲೆ ಕತ್ತಿ ಹಿಡಿದು ಏರಿಹೋದನು. ಇದಕ್ಕೆ ಜೈನ ಆಚಾರಶಾಸ್ತ್ರ ಏನು ಹೇಳುತ್ತದೆ?

ಸಾಮಾನ್ಯವಾಗಿ ಕೊಡುವ ಉತ್ತರವನ್ನು ಎಲ್ಲರೂ ಬಲ್ಲರು. ಹಿಂಸೆಯು ನಾಲ್ಕು ಬಗೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಸರ್ವಥಾ ಬಿಡಬೇಕು. ಅಡುಗೆ, ಮನೆಗೆಲಸ, ಬೇಸಾಯ, ಜೀವನೋಪಾಯಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಎಚ್ಚರದಿಂದ ಕಡಮೆ ಮಾಡಿಕೊಳ್ಳಬೇಕು. ತನ್ನನ್ನೂ ತನ್ನವರನ್ನೂ ನಾಡನ್ನೂ ಕಾಯಲು ಎದುರಾಳಿಯನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯು ಗೃಹಸ್ಥನ ಅಣುವ್ರತವನ್ನು ಮುರಿಯುವುದಿಲ್ಲ. ದಂಡನಾಯಕನದು ವಿರೋಧಿ ಹಿಂಸೆ, ಆದ್ದರಿಂದ ಆಕ್ಷೇಪವಿಲ್ಲ. ಹೀಗೆ ಉತ್ತರ ಮುಗಿಯುತ್ತದೆ.

ತಲಕಾಡಿನ ಮಟ್ಟಿಗೆ ಈ ಉತ್ತರ ಬಹುಶಃ ಸಲ್ಲುತ್ತದೆ. ಮೊದಲು ನಾಡನ್ನು ಕೇಳಿದರು, ಅದಿಯಮ ಯುದ್ಧವನ್ನೇ ಆರಿಸಿಕೊಂಡನು, ಹಗಲು ಬೆಳಕಿನಲ್ಲಿ ಎದುರೆದುರು ನಿಂತು ಕಾದಿದರು ಎನ್ನಬಹುದು. ಕಣ್ಣೆಗಾಲದ ಮಟ್ಟಿಗೆ ಅಷ್ಟು ಸುಲಭವಲ್ಲ. ಸೋಮದೇವಸೂರಿಯು 959ರಲ್ಲಿ ಪೂರೈಸಿದ ಯಶಸ್ತಿಲಕದಲ್ಲಿ ರಾಜನ ಆಯುಧಕ್ಕೆ ಗಡಿಯನ್ನು ಹಾಕಿದ್ದಾನೆ. ರಣದಲ್ಲಿ ಶಸ್ತ್ರ ಹಿಡಿದು ನಿಂತ ಶತ್ರುವಿನ ಮೇಲೆ, ಇಲ್ಲವೆ ತನ್ನ ನಾಡಿಗೆ ಮುಳ್ಳಾಗಿರುವವನ ಮೇಲೆ ಮಾತ್ರ ಆಯುಧವನ್ನೆತ್ತಬೇಕು. ದೀನರ ಮೇಲೆ, ದುರ್ಬಲರ ಮೇಲೆ, ಸಜ್ಜನರ ಮೇಲೆ ಎತ್ತಬಾರದು ಎಂಬುದು ಅವನ ಅಭಿಪ್ರಾಯ. ಬೀಡಿನಲ್ಲಿ ವಿಶ್ರಮಿಸುತ್ತಿದ್ದ ಸೈನಿಕನು ಶಸ್ತ್ರ ಹಿಡಿದು ನಿಂತವನೇ? ನಾಡಿನೊಳಕ್ಕೆ ಬಂದಿಳಿದ ಸೇನೆಯಾದುದರಿಂದ ಮುಳ್ಳೆಂದೇ ಎಣಿಸಬೇಕೆಂದು ವಾದಿಸಬಹುದು. ಆದರೆ ಆ ಸೇನೆ ಬಂದದ್ದು ತನ್ನ ಸಾಮಂತನೊಬ್ಬ ತಲೆಯೆತ್ತಿದನೆಂದು. ಚಾಲುಕ್ಯರ ಕಡೆಯಿಂದ ನೋಡಿದರೆ ಮುಳ್ಳು ಹೊಯ್ಸಳನೇ.

ಗಂಗರಾಜನ ಅತ್ಯಂತ ಪ್ರಸಿದ್ಧವಾದ ಬಿರುದು ದ್ರೋಹಘರಟ್ಟ. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಕಾಳಿನಂತೆ ಹಿಟ್ಟುಮಾಡುವವನೆಂಬ ಅರ್ಥ. ಅಧಿರಾಜನಿಗೆ ತಿರುಗಿಬಿದ್ದ ಒಡೆಯನ ದಂಡನಾಯಕನಿಗೆ ಇಂಥ ಬಿರುದು! ದ್ರೋಹವೆಂಬ ಮಾತು ಯಾವ ಬಾಗಿಲಲ್ಲಿ ನಿಂತು ನೋಡುತ್ತಾರೆಂಬುದನ್ನು ಅನುಸರಿಸಿ ಅರ್ಥ ಬದಲಿಸುತ್ತದೆ. ಗಂಗರಾಜನು ಒಂದೇ ಒಂದು ನಿಷ್ಠೆಯನ್ನು ಬಲ್ಲವನಾಗಿದ್ದನು. ಅದು ತನಗೆ ಅನ್ನವಿಟ್ಟ ವಿಷ್ಣುವರ್ಧನನ ನಿಷ್ಠೆ. ಯೋಧನ ಧರ್ಮಕ್ಕೆ ಅಷ್ಟು ಸಾಕು. ಶ್ರಾವಕನ ಧರ್ಮಕ್ಕೆ ಅಷ್ಟು ಸಾಕೇ ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ಹತ್ತಿರವಾಗುವ ಒಂದು ಮಾತು ಹಳೇಬೀಡಿನ ಶಾಸನದಲ್ಲಿದೆ. ಗಂಗರಾಜನ ಪಾಲಿಗೆ ನರಕಗಳು ಯಾವುವೆಂದು ಅಲ್ಲಿ ಎಣಿಸಿದೆ. ಸುಳ್ಳಾಡುವುದು, ಯುದ್ಧದಲ್ಲಿ ಅಂಜುವುದು, ಪರಸ್ತ್ರೀಯರಲ್ಲಿ ಆಸಕ್ತನಾಗುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿ ಬಂದವರನ್ನು ತಣಿಸದಿರುವುದು, ತನ್ನನ್ನು ನಂಬಿದವರನ್ನು ತೊರೆಯುವುದು, ಒಡೆಯನಿಗೆ ಎರಡು ಬಗೆಯುವುದು ಎಂದು ಒಟ್ಟು ಏಳು. ಏಳೆಂಬ ಸಂಖ್ಯೆ ಆಕಸ್ಮಿಕವಲ್ಲ. ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಅಧೋಲೋಕದ ಏಳು ಭೂಮಿಗಳನ್ನು ಜಿನಾಗಮವು ವರ್ಣಿಸುತ್ತದೆ. ಈ ಪಟ್ಟಿಯನ್ನು ಮಾಡಿದವನಿಗೆ ಅದು ಗೊತ್ತು.

ಈ ಏಳನ್ನು ಐದು ಅಣುವ್ರತಗಳ ಪಕ್ಕದಲ್ಲಿಟ್ಟು ನೋಡಬೇಕು. ಸತ್ಯವಿದೆ. ಸ್ವದಾರಸಂತೋಷವಿದೆ. ಬೇಡಿದವರಿಗೆ ಕೊಡುವುದರಲ್ಲಿ ಪರಿಗ್ರಹದ ಮಿತಿಯೂ ಅಡಗಿದೆಯೆನ್ನಬಹುದು. ಮೊದಲನೆಯ ವ್ರತವಾದ ಅಹಿಂಸೆ ಮಾತ್ರ ಹೆಸರಿನಿಂದ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಯುದ್ಧದಲ್ಲಿ ಅಂಜಬಾರದೆಂಬ ಮಾತು ಬಂದು ಕುಳಿತಿದೆ. ಇದನ್ನು ಕಂಡೂ ಕಾಣದಂತೆ ಹೋಗುವುದು ಇತಿಹಾಸಕ್ಕೂ ಧರ್ಮಕ್ಕೂ ಅಪಚಾರ. ಆದರೆ ಪಟ್ಟಿಯ ನಡುವೆ, ನಾಲ್ಕನೆಯದಾಗಿ, ಶರಣಾಗತರನ್ನು ಬಿಟ್ಟುಕೊಡುವುದು ನರಕವೆಂಬ ಮಾತೂ ಇದೆ. ಮರೆಹೊಕ್ಕವನು ಹಲವು ಸಲ ನಿನ್ನೆಯ ಶತ್ರುವೇ ಆಗಿರುತ್ತಾನೆ. ಕತ್ತಿ ಹಿಡಿದ ಕೈ ಎಲ್ಲಿ ನಿಲ್ಲಬೇಕೆಂಬ ಗೆರೆಯೊಂದು ಆ ಮಾತಿನಲ್ಲಿದೆ. ಅಹಿಂಸೆಯು ದಂಡನಾಯಕನ ಬಾಳಿನೊಳಗೆ ಮುಂಬಾಗಿಲಿನಿಂದ ಬರಲಾರದೆ ಈ ಪಕ್ಕದ ಬಾಗಿಲಿನಿಂದ ಒಳಹೊಕ್ಕಿತು.

ಅದಕ್ಕೆ ಆ ಬಾಗಿಲನ್ನು ತೆರೆದವರು ಮನೆಯ ಹೆಂಗಸರು ಎನ್ನಲು ಸಾಕಷ್ಟು ಆಧಾರವಿದೆ. ಲಕ್ಷ್ಮೀಮತಿಯನ್ನು ಹೊಗಳುವ ಶಾಸನವು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿಯೂ ಅವಳಿಗೆ ಸಮಾನರಾದ ಸ್ತ್ರೀಯರಿಲ್ಲವೆಂದು ಹೇಳುತ್ತದೆ. ಆಹಾರ, ಔಷಧ, ಶಾಸ್ತ್ರಗಳನ್ನು ಸಂಪತ್ತುಳ್ಳ ಯಾವ ಮನೆಯಾದರೂ ಕೊಡಬಹುದು. ದಂಡನಾಯಕನ ಮನೆಯಲ್ಲಿ ಅಭಯದಾನವೆಂಬ ಮಾತಿಗೆ ಬೇರೆ ತೂಕವಿದೆ. ನಾಡಿನಲ್ಲಿ ಯಾರ ಹೆಸರನ್ನು ಕೇಳಿದರೆ ಜನ ನಡುಗುತ್ತಿದ್ದರೋ ಅವನ ಮನೆಯ ಬಾಗಿಲಿನಲ್ಲಿ ಅವನ ಹೆಂಡತಿ ಅಂಜಬೇಡಿರೆಂದು ಹೇಳುತ್ತಿದ್ದಳು. ಅದೇ ಲಕ್ಷ್ಮೀಮತಿಯನ್ನು ಶಾಸನಗಳು ಪತಿಗೆ ಕಾರ್ಯದಲ್ಲಿ ನೀತಿವಧುವೆಂದೂ ರಣದಲ್ಲಿ ಜಯವಧುವೆಂದೂ ಬಣ್ಣಿಸುತ್ತವೆ. ಎರಡೂ ಒಬ್ಬಳೇ. ಗಂಡನ ವೃತ್ತಿಯಿಂದ ಮುಖ ತಿರುಗಿಸಿ ದೇವರ ಕೋಣೆಯಲ್ಲಿ ಕುಳಿತ ಹೆಂಗಸಲ್ಲ ಅವಳು; ಆಲೋಚನೆಯಲ್ಲಿ ಪಾಲುಗಾರಳಾಗಿದ್ದು, ಆ ವೃತ್ತಿಗೆ ಹೊಂದದ ದಾನವನ್ನು ತಾನೇ ಕೈಗೆತ್ತಿಕೊಂಡವಳು.

ಕಣ್ಣೆಗಾಲದ ಗೆಲುವಿನಿಂದ ಸಂತುಷ್ಟನಾದ ಅರಸನು ಬೇಕಾದುದನ್ನು ಕೇಳೆಂದನು. ಗೆದ್ದ ಸೇನಾನಿಗೆ ಕೇಳಲು ಏನೆಲ್ಲ ಇತ್ತು! ಇನ್ನೊಂದು ನಾಡಿನ ಒಡೆತನ, ಸುಂಕದ ಆದಾಯ, ಆನೆ ಕುದುರೆಗಳು. ಗಂಗರಾಜನು ಕೇಳಿದ್ದು ಪರಮವೆಂಬ ಒಂದು ಗ್ರಾಮವನ್ನು. ಅದನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಮಾಡಿಸಿದ್ದ ಜಿನಾಲಯಗಳ ಪೂಜೆಗೆ, ಶುಭಚಂದ್ರ ಸಿದ್ಧಾಂತದೇವರ ಪಾದಗಳನ್ನು ತೊಳೆದು, 1118ರಲ್ಲಿ ಧಾರೆಯೆರೆದನು. ತಲಕಾಡಿನ ಗೆಲುವಿನ ಅನಂತರವೂ ಹೀಗೆಯೇ ಬೇಡಿ ಪಡೆದ ಗೋವಿಂದವಾಡಿಯನ್ನು ಗೊಮ್ಮಟದೇವರ ಪೂಜೆಗೆ ಬಿಟ್ಟನು. ಅದೇ ವರ್ಷಗಳಲ್ಲಿ ಅರಸನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸುತ್ತಿದ್ದನು. ಒಡೆಯನ ಮತ ಬೇರೆಯಾದರೂ ಸೇನಾನಿಯ ನಿಷ್ಠೆ ಅಲುಗಲಿಲ್ಲ, ಸೇನಾನಿಯ ಮತ ಬೇರೆಯೆಂದು ಒಡೆಯನ ಕೈ ಹಿಂದೆ ಸರಿಯಲಿಲ್ಲ.

ಇಂದು ಚಿಕ್ಕಬೆಟ್ಟದ ಮೇಲೆ ಈ ಮನೆಯವರ ಮೂರು ಬಸದಿಗಳು ಹತ್ತಿರ ಹತ್ತಿರದಲ್ಲೇ ನಿಂತಿವೆ. ತಾಯಿ ಪೋಚವ್ವೆಗಾಗಿ ಗಂಗರಾಜನು ಕಟ್ಟಿಸಿದ್ದು ಕತ್ತಲೆ ಬಸದಿ. ಆ ಬೆಟ್ಟದಲ್ಲಿ ಒಳಗೇ ಪ್ರದಕ್ಷಿಣಾಪಥವನ್ನು ಹೊಂದಿರುವ ಗುಡಿ ಅದು. ಬೆಳಕಿನ ಕೊರತೆಯಿಂದ ಆ ಹೆಸರು. ಲಕ್ಷ್ಮೀಮತಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಎದುರಿಗಿರುವ ಎರಡು ಕಡೆಯ ಮೆಟ್ಟಿಲುಗಳಿಂದ ಆ ಹೆಸರು ಬಂದಿತು. ಗಂಗರಾಜನು ಇಂದಿರಾಕುಲಗೃಹವೆಂದು ಕಟ್ಟಿಸಿದ್ದಕ್ಕೆ ಬಾಗಿಲ ಬಳಿಯ ಶಾಸನದಿಂದ ಶಾಸನ ಬಸದಿಯೆಂಬ ಹೆಸರು ನಿಂತಿತು. ಮೂರರಲ್ಲಿಯೂ ಮೂಲನಾಯಕ ಆದಿನಾಥ ಸ್ವಾಮಿ. ಅತ್ತೆ, ಸೊಸೆ, ಮಗ ಮೂವರೂ ಒಬ್ಬ ತೀರ್ಥಂಕರನ ಮೂರ್ತಿಯನ್ನೇ ಸ್ಥಾಪಿಸಿದ್ದು ಮನೆಯೊಳಗಿನ ಹೊಂದಾಣಿಕೆಯನ್ನು ತೋರಿಸುತ್ತದೆ. ಬೆಟ್ಟದ ಆಚೆಗಿನ ಜಿನನಾಥಪುರವನ್ನು ನೆಲೆಗೊಳಿಸಿದವನೂ ಗಂಗರಾಜನೇ. ಗಂಗವಾಡಿಯ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿ ತೊಂಬತ್ತಾರು ಸಾಸಿರ ನಾಡನ್ನು ಕೊಪಣದಂತೆ ಬೆಳಗಿಸಿದನೆಂದೂ, ಹಿಂದಿನ ಗಂಗರ ರಾಯನಿಗಿಂತ ನೂರ್ಮಡಿ ಧನ್ಯನೆಂದೂ ಶಾಸನಗಳು ಹೇಳುತ್ತವೆ. ನೂರ್ಮಡಿಯೆಂಬುದನ್ನು ಶಾಸನಕವಿಯ ಉದಾರತೆಗೆ ಬಿಡಬಹುದು.

ಇಲ್ಲಿ ದೇವಾಲಯಗಳ ಆಡಳಿತವನ್ನು ನೋಡಿಕೊಳ್ಳುವವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದಾನದಿಂದ ಯುದ್ಧದ ಪಾಪ ಅಳಿಯಿತೆಂದು ಹೇಳಲು ಜೈನ ಕರ್ಮಸಿದ್ಧಾಂತದಲ್ಲಿ ಅವಕಾಶವಿಲ್ಲ. ದಾನದಿಂದ ಪುಣ್ಯಾಸ್ರವ, ಹಿಂಸೆಯಿಂದ ಪಾಪಾಸ್ರವ. ಎರಡೂ ಬಂಧವೇ. ಒಂದು ಕಡೆಯ ಜಮೆಯನ್ನು ಇನ್ನೊಂದು ಕಡೆಯ ಖರ್ಚಿಗೆ ವಜಾ ಹಾಕುವ ಲೆಕ್ಕ ಅಲ್ಲಿಲ್ಲ. ಕಟ್ಟಿದ ಕರ್ಮವು ಉದಯಕ್ಕೆ ಬಂದು ಫಲಕೊಟ್ಟು ಕಳಚಬೇಕು, ಇಲ್ಲವೆ ತಪಸ್ಸಿನಿಂದ ನಿರ್ಜರೆಯಾಗಬೇಕು. ಶುಭಚಂದ್ರರಂಥ ಸಿದ್ಧಾಂತವೇತ್ತರ ಶಿಷ್ಯನಿಗೆ ಇದು ತಿಳಿಯದ ವಿಷಯವಲ್ಲ. ಆದುದರಿಂದ ಪರಮಗ್ರಾಮದ ದಾನವನ್ನು ಪ್ರಾಯಶ್ಚಿತ್ತವೆಂದು ಓದುವುದಕ್ಕಿಂತ, ಯುದ್ಧದ ಫಲ ತನ್ನ ಉಗ್ರಾಣದೊಳಕ್ಕೆ ಬರದಂತೆ ಹೊಸ್ತಿಲಲ್ಲೇ ತಡೆದು ಬೇರೆಡೆಗೆ ತಿರುಗಿಸಿದ ಎಚ್ಚರವೆಂದು ಓದುವುದು ಲೇಸು. ಹಿಂಸೆ ವೃತ್ತಿಯ ಪಾಲಾಯಿತು. ಅದರಿಂದ ಬಂದ ಲೋಭವನ್ನಾದರೂ ಮನೆಗೆ ಸೇರಿಸಬಾರದು. ಈ ಮಟ್ಟದ ಎಚ್ಚರವೂ ಎಲ್ಲ ಕಾಲದಲ್ಲಿ ಎಲ್ಲ ದಾನಿಗಳಲ್ಲಿ ಕಾಣುವಂಥದಲ್ಲ.

ಆ ವರ್ಷಗಳಲ್ಲಿ ಮನೆಯಲ್ಲಿ ನಡೆದದ್ದನ್ನು ಯುದ್ಧಗಳ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಭಾರವಾಗುತ್ತದೆ. 1115ರಲ್ಲಿ ಮೇಘಚಂದ್ರ ತ್ರೈವಿದ್ಯದೇವರು ಸಮಾಧಿಸ್ಥರಾದರು. ಅವರ ನಿಸಿದಿಯನ್ನು ಗಂಗರಾಜ ದಂಪತಿಗಳು ಮಾಡಿಸಿದರು. ಲಕ್ಷ್ಮೀಮತಿಯ ಸೋದರ ಬೂಚಣ ತೀರಿಕೊಂಡನು. 1120ರಲ್ಲಿ ಅವಳ ಸೋದರಿ, ರಾಜಮಾನ್ಯ ವರ್ತಕ ಚಾಮುಂಡನ ಪತ್ನಿ ದೇಮಿಯಕ್ಕ ಸನ್ಯಸನ ವಿಧಿಯಿಂದ ದೇಹವನ್ನು ಬಿಟ್ಟಳು. ಅದೇ ವರ್ಷ ಪೋಚಿಕಬ್ಬೆ. ಮರುವರ್ಷ, 1121ರಲ್ಲಿ, ಲಕ್ಷ್ಮೀಮತಿ. 1123ರಲ್ಲಿ ಗುರುಗಳಾದ ಶುಭಚಂದ್ರರು. ಎಂಟೊಂಬತ್ತು ವರ್ಷಗಳಲ್ಲಿ ದಂಡನಾಯಕನು ಎರಡು ಮಹಾಯುದ್ಧಗಳನ್ನು ಗೆದ್ದು, ತಾಯಿ, ಹೆಂಡತಿ, ಗುರುಗಳನ್ನು ಕಳೆದುಕೊಂಡನು.

ಪೋಚಿಕಬ್ಬೆಯ ಕೊನೆಯನ್ನು ಶಾಸನವು ಸರಳವಾಗಿ ಹೇಳುತ್ತದೆ. ಬೆಳ್ಗೊಳದಲ್ಲಿಯೂ ಇತರ ತೀರ್ಥಗಳಲ್ಲಿಯೂ ಬಸದಿಗಳನ್ನು ಮಾಡಿಸಿ, ದಾನಗಳನ್ನು ಕೊಟ್ಟು ಮುಗಿಸಿ, ಸಲ್ಲೇಖನವನ್ನು ಸ್ವೀಕರಿಸಿ, ಒಂದೇ ಮಗ್ಗುಲಲ್ಲಿ ಮಲಗಿ, ಪಂಚನಮಸ್ಕಾರವನ್ನು ಉಚ್ಚರಿಸುತ್ತ ಅವಳು ದೇಹವನ್ನು ಬಿಟ್ಟಳು. ಒಂದೇ ಮಗ್ಗುಲಲ್ಲಿ ಮಲಗುವುದೆಂದರೆ ಹೊರಳಾಡುವಾಗ ಕೆಳಗೆ ಸಿಕ್ಕುವ ಸೂಕ್ಷ್ಮಜೀವಿಗಳಿಗೂ ನೋವಾಗಬಾರದೆಂಬ ಎಚ್ಚರ. ಜೊತೆಗೆ ದೇಹದ ಸುಖವನ್ನು ಬಯಸದ ಸ್ಥೈರ್ಯ. ಮಗನು ಕಣ್ಣೆಗಾಲದಿಂದ ಮರಳಿ ಎರಡು ವರ್ಷಗಳಷ್ಟೇ ಆಗಿದ್ದವು. ತಾಯಿ ತನ್ನ ಮರಣದಲ್ಲಿ ಮಗ್ಗುಲು ಬದಲಿಸಲೂ ಒಪ್ಪಲಿಲ್ಲ. ಆ ಶಾಸನವನ್ನು ನಿಲ್ಲಿಸಿದವನು ಆ ಮಗನೇ.

ಲಕ್ಷ್ಮೀಮತಿಯ ನಿಸಿದಿಯನ್ನೂ ಅವನೇ ನಿಲ್ಲಿಸಿದನು. ಇಂಥ ಸ್ಮಾರಕಗಳಿಗೆ ಶಾಸನಗಳು ಬಳಸುವ ಮಾತು ಪರೋಕ್ಷವಿನಯ. ಕಣ್ಣೆದುರಿಗೆ ಇಲ್ಲದವರಿಗೆ ಸಲ್ಲಿಸುವ ವಿನಯ. ಅದೇ ನಾಡಿನಲ್ಲಿ, ಅದೇ ಕಾಲದಲ್ಲಿ ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲುಗಳನ್ನು ನಿಲ್ಲಿಸುತ್ತಿದ್ದರು. ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಚಿತ್ರ ಅವುಗಳಲ್ಲಿ ಸಾಮಾನ್ಯ. ಗಂಗರಾಜನ ಮನೆಯವರು ಬೆಳ್ಗೊಳದ ಬೆಟ್ಟದಲ್ಲಿ ನಿಲ್ಲಿಸಿದ್ದು ನಿಸಿದಿಗಳನ್ನು. ಕಾದಿ ಸಾಯುವುದನ್ನು ಕೀರ್ತಿಯೆಂದು ಎಣಿಸುತ್ತಿದ್ದ ವೃತ್ತಿಯ ಮನೆಯಲ್ಲಿ, ಯಾರನ್ನೂ ನೋಯಿಸದೆ ತಾನೇ ಒಪ್ಪಿ ಸಾಯುವುದನ್ನು ಒಬ್ಬರಾದ ಮೇಲೊಬ್ಬರು ಆರಿಸಿಕೊಂಡರು. ಈ ಮನೆಯ ಸತ್ತವರಿಗೆಲ್ಲ ಹೆಸರಿದೆ, ತಿಥಿಯಿದೆ, ಹೊಗಳಿಕೆಯ ಪದ್ಯಗಳಿವೆ. ಕಣ್ಣೆಗಾಲದ ಇರುಳಿನಲ್ಲಿ ಸತ್ತವರು ಶಾಸನದಲ್ಲಿ ಹನ್ನೆರಡು ಸಾಮಂತರ ಸೇನೆಯೆಂಬ ಒಂದು ಮಾತಿನಲ್ಲಿ ಅಡಗಿಹೋಗಿದ್ದಾರೆ. ಅವರಿಗೂ ಪೋಚಿಕಬ್ಬೆಯಂಥ ತಾಯಂದಿರಿದ್ದರು.

ಆ ಕಾಳಗದಿಂದ ದೊರೆತದ್ದಾದರೂ ಏನು? ಕೆಲವೇ ವರ್ಷಗಳಲ್ಲಿ ಹೊಯ್ಸಳರು ಮತ್ತೆ ಚಾಲುಕ್ಯರ ಅಧಿರಾಜತ್ವವನ್ನು ಒಪ್ಪಿಕೊಳ್ಳಬೇಕಾಯಿತು. ವಿಷ್ಣುವರ್ಧನನಿಗೆ ಪೂರ್ಣ ಸ್ವಾತಂತ್ರ್ಯದ ಹಂಬಲ ಕಡೆಯವರೆಗೂ ಉಳಿಯಿತು, ಅದು ಕೈಗೂಡಿದ್ದು ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ.

ಗಂಗರಾಜನು 1133ರಲ್ಲಿ ತೀರಿಕೊಂಡನು. ಮಗ ಬೊಪ್ಪನು ತಂದೆಯ ಪರೋಕ್ಷವಿನಯವಾಗಿ ರಾಜಧಾನಿ ದೋರಸಮುದ್ರದಲ್ಲಿ ಪಾರ್ಶ್ವನಾಥನ ಜಿನಾಲಯವನ್ನು ಕಟ್ಟಿಸಿ, ನಯಕೀರ್ತಿ ಸಿದ್ಧಾಂತಚಕ್ರವರ್ತಿಗಳಿಂದ ಪ್ರತಿಷ್ಠೆ ಮಾಡಿಸಿ, ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ತಂದೆಯ ಬಿರುದನ್ನೇ ಇಟ್ಟನು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ಕನ್ನಡಿಯಂತೆ ಹೊಳೆಯುವ ಕಂಬಗಳಿಂದ ಇಂದಿಗೂ ನೋಡುವವರನ್ನು ನಿಲ್ಲಿಸುವ ಬಸದಿಯೇ ಅದು. ಉಪಸರ್ಗ ಮಾಡಿದ ಕಮಠನ ಮೇಲೂ ಉಪಚಾರ ಮಾಡಿದ ಧರಣೇಂದ್ರನ ಮೇಲೂ ಸಮಭಾವ ತಳೆದು ನಿಂತ ಜಿನನ ಮನೆಗೆ ಬೀಸುವ ಕಲ್ಲಿನ ಹೆಸರು! ತಂದೆಯ ಮೇಲಿನ ಪ್ರೀತಿಯಿಂದ ಬೊಪ್ಪನು ಹಾಗೆ ಮಾಡಿದನು, ಅಷ್ಟನ್ನು ಕ್ಷಮಿಸಬಹುದು. ಆದರೆ ಪರಮಗ್ರಾಮವನ್ನು ದಾನ ಮಾಡುವಾಗ ತಂದೆ ತೋರಿದ ವಿವೇಕ ಮಗನ ಈ ನಾಮಕರಣದಲ್ಲಿ ಕಾಣುವುದಿಲ್ಲ. ತಂದೆ ಗೆದ್ದ ನೆಲಕ್ಕೆ ತಾಯಿಯ ಮತ್ತು ಹೆಂಡತಿಯ ಬಸದಿಗಳ ಹೆಸರನ್ನು ಸೇರಿಸಿದನು. ಮಗ ಬಸದಿಗೆ ಯುದ್ಧದ ಹೆಸರನ್ನು ಸೇರಿಸಿದನು.

ಆ ಹೆಸರು ನಿಲ್ಲಲಿಲ್ಲ. ಪ್ರತಿಷ್ಠೆಯ ಶೇಷೆಯನ್ನೂ ಗಂಧೋದಕವನ್ನೂ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ, ಅರಸನು ತನ್ನ ಮೇಲೆ ಏರಿಬಂದ ಮಸಣನೆಂಬವನನ್ನು ಕೊಂದು ಗೆದ್ದಿದ್ದನು. ರಾಣಿ ಲಕ್ಷ್ಮೀಮಹಾದೇವಿಗೆ ಗಂಡುಮಗು ಹುಟ್ಟಿತ್ತು. ಅರ್ಚಕರನ್ನು ಕಂಡು ಅರಸನು ಎದ್ದುನಿಂತು ಕೈಮುಗಿದು ಶೇಷೆಯನ್ನು ತೆಗೆದುಕೊಂಡನು. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ಗೆಲುವೂ ಮಗನೂ ದೊರೆತರೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹದೇವನೆಂದೂ ಹೆಸರಿಟ್ಟು ಗ್ರಾಮದಾನವನ್ನು ಮಾಡಿದನು. ಒಂದು ಯುದ್ಧದ ಬಿರುದಿನ ಮೇಲೆ ಇನ್ನೊಂದು ಯುದ್ಧದ ಬಿರುದು ಬಂದು ಕುಳಿತಿತು. ಇಂದು ಬಸ್ತಿಹಳ್ಳಿಗೆ ಹೋಗುವವರು ಎರಡನ್ನೂ ಹೇಳುವುದಿಲ್ಲ. ಪಾರ್ಶ್ವನಾಥ ಬಸದಿಯೆಂದಷ್ಟೇ ಕರೆಯುತ್ತಾರೆ.

ಬೊಪ್ಪನಿಗೆ ಮತ್ತೊಂದು ಕರ್ತವ್ಯ ಬೇಗನೆ ಎದುರಾಯಿತು. ದೊಡ್ಡಪ್ಪ ಬಮ್ಮದೇವನ ಮಗ ಏಚನೂ ದಂಡನಾಯಕ. ಕೊಪಣದಲ್ಲಿಯೂ ಬೆಳ್ಗೊಳದಲ್ಲಿಯೂ ಬಸದಿಗಳನ್ನು ಕಟ್ಟಿಸಿದವನು. ಅವನು 1135ರಲ್ಲಿ, ರಣದಲ್ಲಿ ಅಲ್ಲ, ಅಜ್ಜಿಯಂತೆಯೂ ಚಿಕ್ಕಮ್ಮನಂತೆಯೂ ಸನ್ಯಸನ ವಿಧಿಯಿಂದ ದೇಹವನ್ನು ಬಿಟ್ಟನು. ಬೊಪ್ಪನು ಅವನಿಗೆ ನಿಸಿದಿಯನ್ನು ನಿಲ್ಲಿಸಿದನು. ಏಚನು ಮಾಡಿಸಿದ್ದ ಬಸದಿಗಳಿಗೆ ಭೂಮಿಯನ್ನು ಬಿಡುವಾಗ ಬೊಪ್ಪನಿಂದ ಆ ದಾನವನ್ನು ಸ್ವೀಕರಿಸಿದವರು ಶುಭಚಂದ್ರ ಸಿದ್ಧಾಂತದೇವರ ಶಿಷ್ಯರಾದ ಮಾಧವಚಂದ್ರದೇವರು.